ಸಿಗ್ನಲ್ ಸಿಗದ ರೂಮಲ್ಲಿ ಮೆಶ್ ಇಟ್ಟರೆ ಏನು ಪ್ರಯೋಜನ?

ಕಳೆದ ತಿಂಗಳು ಆನ್‌ಲೈನ್ ಇಂಟರ್‌ವ್ಯೂ ನಡುವೆ ವಿಡಿಯೊ ನಿಂತೇಹೋಯ್ತು. ಕೆಲಸ ಕೈತಪ್ಪಿತು. ಮನೆಗೆ ಎರಡು ಡಬ್ಬಿಯ ಮೆಶ್ ವೈಫೈ ಹಾಕಿಸಿದ್ದೆ, ಆದರೂ ಹೀಗೇಕೆ?

ತಪ್ಪು ನನ್ನದೇ. ಎರಡನೇ ಡಬ್ಬಿಯನ್ನು ಸಿಗ್ನಲ್ಲೇ ಬಾರದ ಹಿಂದಿನ ರೂಮಲ್ಲಿ ಇಟ್ಟಿದ್ದೆ. ಅದಕ್ಕೇ ಸಿಗ್ನಲ್ ಸಿಗದಿದ್ದರೆ ನಮಗೇನು ಕೊಟ್ಟೀತು? ಈಗ ಅದನ್ನು ರೂಟರ್‌ಗೂ ಆ ರೂಮಿಗೂ ನಡುವೆ, ಹಾಲ್ ಬಾಗಿಲ ಬಳಿ ಇಟ್ಟಿದ್ದೇನೆ. ಟಿವಿ ಹಿಂದೆ ಅಡಗಿದ್ದ ಮುಖ್ಯ ರೂಟರ್ ಎತ್ತರದ ಶೆಲ್ಫ್ ಏರಿದೆ. 5 ಗಿಗಾಹರ್ಟ್ಸ್‌ಗೆ ವೇಗ ಜಾಸ್ತಿ, ಆದರೆ ಗೋಡೆ ದಾಟುವುದರಲ್ಲಿ 2.4 ಗಿಗಾಹರ್ಟ್ಸೇ ಮುಂದು. ಹಾಗಾಗಿ ನಡುವೆ ಕಾಂಕ್ರೀಟ್ ಗೋಡೆ ಕಡಿಮೆ ಇದ್ದಷ್ಟೂ ಒಳ್ಳೇದು. ಸಾಧ್ಯವಾದರೆ ಎರಡೂ ಡಬ್ಬಿಗಳನ್ನು ಲ್ಯಾನ್ ಕೇಬಲ್‌ನಿಂದಲೇ ಜೋಡಿಸಿ.

ನಾಳೆ ಮತ್ತೊಂದು ಇಂಟರ್‌ವ್ಯೂ ಇದೆ. ಅದೇ ರೂಮಲ್ಲೇ ಕೂರ್ತೀನಿ.