ಮರ ಮಲಗಿರುತ್ತೆ, ಗರಗಸ ನಡೆಯುತ್ತೆ

2022ರ ಹಿಂಗಾರಿನ ಒಂದು ರಾತ್ರಿ ಬೀಸಿದ ಗಾಳಿಗೆ ನನ್ನ ತಮ್ಮನ ಹೊಲದ ಬದುವಿನ ಬೇವು ಬೇರುಸಮೇತ ಬಿತ್ತು. ಕುರುಗೋಡಿನಿಂದ ಸಿರುಗುಪ್ಪದ ಕಡೆಗೆ, ಎಲ್‌ಎಲ್‌ಸಿ ಅನ್ನುವ ಕೆಳಮಟ್ಟದ ಕಾಲುವೆಯ ನೀರು ಉಣ್ಣುವ ಹೊಲ ಅದು. ಬೆಳಿಗ್ಗೆ ಹಗ್ಗ ತಗೊಂಡು ಹೋಗಿ ಅಳೆದೆ. ಬೊಡ್ಡೆಯ ಸುತ್ತು ಎಂಟಡಿ, ಟೊಂಗೆ ಒಡೆಯುವವರೆಗೆ ಉದ್ದ ಹತ್ತಡಿ. ಬಡಿಗರ ಲೆಕ್ಕ ಸುಲಭ: ಸುತ್ತಳತೆಯನ್ನು ನಾಲ್ಕು ಪಾಲು ಮಾಡು, ಒಂದು ಪಾಲನ್ನು ಅದರಿಂದಲೇ ಗುಣಿಸು, ಆಮೇಲೆ ಉದ್ದದಿಂದ ಗುಣಿಸು. ಎರಡೆರಡ್ಲ ನಾಲ್ಕು, ನಾಲ್ಕು ಹತ್ತಲ ನಲವತ್ತು. ನಲವತ್ತು ಘನ ಅಡಿ. ನಿಜವಾಗಿ ಆ ಬೊಡ್ಡೆಯಲ್ಲಿ ಸುಮಾರು ಐವತ್ತೊಂದು ಘನ ಅಡಿ ಮರ ಇರುತ್ತದೆ. ತೊಗಟೆಗೆ, ಹೊಟ್ಟಿಗೆ, ಅಂಚಿನ ಸಿಪ್ಪೆಗೆ ಅಂತ ಐದರಲ್ಲೊಂದು ಪಾಲನ್ನು ಆ ಲೆಕ್ಕ ಮೊದಲೇ ಕಳೆದಿಟ್ಟಿರುತ್ತದೆ.

ನಲವತ್ತು ಘನ ಅಡಿ ಬೇವು ಅಂದರೆ ಒಂದು ಮನೆಯ ಬಾಗಿಲು, ಚೌಕಟ್ಟು, ಕಿಟಕಿ ಎಲ್ಲ ಆಗಿ ಒಂದು ಮಂಚಕ್ಕೂ ಉಳಿಯುತ್ತಿತ್ತು. ಆದರೆ ಬೊಡ್ಡೆಯ ತೂಕ ಟನ್ನಿನ ಮೇಲೆ, ಸುತ್ತಲೂ ತೆನೆ ಕಟ್ಟಿದ ಭತ್ತ. ಕ್ರೇನು ಬರಬೇಕೆಂದರೆ ಅರ್ಧ ಎಕರೆ ಬೆಳೆ ಚಕ್ರದಡಿ ಹೋಗಬೇಕು. ತಮ್ಮ ಎರಡು ದಿನ ನೋಡಿದ, ಮೂರನೇ ದಿನ ಚೈನ್‌ಸಾ ಇಟ್ಟವನನ್ನು ಕರೆಸಿ ಎರಡೆರಡು ಅಡಿಯ ತುಂಡು ಮಾಡಿಸಿದ. ತಲೆಮೇಲೆ ಹೊತ್ತು ರಸ್ತೆಗೆ ಸಾಗಿಸಿದರು. ಎಲ್ಲ ಇಟ್ಟಿಗೆ ಭಟ್ಟಿಗೆ ಹೋಯಿತು.

ನಾನು ಬಡಿಗೇರ. ಅಪ್ಪ ಬಂಡಿ ಮಾಡುತ್ತಿದ್ದ, ನಾನು ಬಾಗಿಲು ಮಾಡಿದೆ, ಮಗ ಬಳ್ಳಾರಿಯಲ್ಲಿ ಪ್ಲೈವುಡ್ ಕಪಾಟು ಮಾಡುತ್ತಾನೆ. ಆ ಬೇವಿನ ಸಂಕಟ ನನ್ನ ಹೊಟ್ಟೆಯಲ್ಲಿ ಇರುವಾಗಲೇ ಮುಂದಿನ ವರ್ಷ ಮಗಳು ತನ್ನ ಬಾಣಂತನಕ್ಕೆ ನಮ್ಮಿಬ್ಬರನ್ನೂ ಮೆಲ್ಬೋರ್ನಿಗೆ ಕರೆಸಿಕೊಂಡಳು. ಮನೆಯಾಕೆಗೆ ಕೂಸು, ಅಡುಗೆ ಅಂತ ಕೈತುಂಬ ಕೆಲಸ. ನನಗೆ ಏನೂ ಇಲ್ಲ. ನನ್ನ ಚಡಪಡಿಕೆ ನೋಡಲಾರದೆ ಅಳಿಯ ಒಂದು ಶನಿವಾರ ಊರ ಹೊರಗಿನ ಡ್ಯಾಂಡೆನಾಂಗ್ ಗುಡ್ಡಗಳಿಗೆ ಕರೆದೊಯ್ದ. 2021ರ ಜೂನ್ ತಿಂಗಳಲ್ಲಿ ಅಲ್ಲಿ ಭಾರಿ ಬಿರುಗಾಳಿ ಬೀಸಿ ಲೆಕ್ಕವಿಲ್ಲದಷ್ಟು ಮರ ಉರುಳಿದ್ದವು. ಅಳಿಯನಿಗೆ ಗುರುತಿದ್ದ ಒಬ್ಬ ಮುದುಕ ತನ್ನ ಜಾಗದಲ್ಲಿ ಬಿದ್ದ ಮರಗಳನ್ನು ಎರಡು ವರ್ಷವಾದರೂ ಇನ್ನೂ ಕೊಯ್ಯುತ್ತಲೇ ಇದ್ದ. ಮೌಂಟನ್ ಆ್ಯಶ್ ಅಂತ ಆ ಮರದ ಹೆಸರು. ಕುಲ ಮಾತ್ರ ನಮ್ಮ ನೀಲಗಿರಿಯದೇ. ಲೋಕದ ಅತಿ ಎತ್ತರದ ಮರಗಳ ಸಾಲಿಗೆ ಸೇರಿದ್ದು. ಬಿದ್ದಿದ್ದ ದಿಮ್ಮಿ ನನ್ನ ಎದೆಮಟ್ಟ ಇತ್ತು.

ಅದನ್ನು ಅವನು ಅಲ್ಲಾಡಿಸಿರಲೇ ಇಲ್ಲ. ದಿಮ್ಮಿಯ ಎರಡೂ ಪಕ್ಕಕ್ಕೆ ಉದ್ದಕ್ಕೂ ಎರಡು ಅಲ್ಯುಮಿನಿಯಂ ಹಳಿ. ಹಳಿಗಳ ಮೇಲೆ ಒಂದು ಗಾಡಿ, ಗಾಡಿಯ ಮೇಲೆ ಪೆಟ್ರೋಲ್ ಎಂಜಿನ್ನು, ಎಂಜಿನ್ನಿನ ಬದಿಗೆ ಒಂದು ದುಂಡು ಗರಗಸ. ಆ ಗರಗಸವನ್ನು ಅಡ್ಡ ಮಲಗಿಸಿ ಗಾಡಿ ನೂಕಿಕೊಂಡು ಹೋದರೆ ಒಂದು ಕೊಯ್ತ. ಕೊನೆಯಲ್ಲಿ ವೇಗ ಇಳಿಸಿ, ಹಿಡಿಕೆ ತಿರುಗಿಸಿದರೆ ಗರಗಸ ಹೊರಳಿ ನೆಟ್ಟಗೆ ನಿಲ್ಲುತ್ತದೆ. ಎಳೆದುಕೊಂಡು ಬಂದರೆ ಇನ್ನೊಂದು ಕೊಯ್ತ. ಎರಡೂ ಕೊಯ್ತ ಒಳಗೆ ಮೂಲೆಮಟ್ಟ ಇಟ್ಟಂತೆ ಕೂಡುತ್ತವೆ. ನಾಲ್ಕೂ ಅಂಚು ಕತ್ತರಿಸಿದ ಒಂದು ಹಲಗೆ ಕೈಗೆ ಬರುತ್ತದೆ. ಗರಗಸ ಹೀಗೆ ಹೊರಳುವುದಕ್ಕೇ ಇದಕ್ಕೆ ಸ್ವಿಂಗ್ ಬ್ಲೇಡ್ ಸಾಮಿಲ್ಲು ಎಂಬ ಹೆಸರು. ನ್ಯೂಜಿಲೆಂಡಿನ ರೊಟೊರುವಾದ ಪೀಟರ್ಸನ್, ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಲ್ಯೂಕಸ್, ಇವೆರಡು ಇದರಲ್ಲಿ ಹೆಸರಾದ ಮನೆಗಳು. ದಪ್ಪ ಮರ, ಇಳಿಜಾರು ನೆಲ, ರಸ್ತೆಯಿಲ್ಲದ ಕಾಡು ಇರುವ ದೇಶದಲ್ಲಿ ಇದು ಹುಟ್ಟಿದ್ದು ಸಹಜವೇ.

ನನಗೆ ಥಟ್ಟನೆ ನೆನಪಾದದ್ದು ಅಪ್ಪನ ಕಾಲದ ಕೊಯ್ತದವರು. ಸುಗ್ಗಿ ಮುಗಿದ ಮೇಲೆ ಜೋಡಿಯಾಗಿ ಬರುತ್ತಿದ್ದರು. ಮರ ಎಲ್ಲಿ ಬಿದ್ದಿದೆಯೋ ಅಲ್ಲೇ ಅದರ ಒಂದು ತುದಿ ಎತ್ತಿ ಊರೆ ಕೊಡುವುದು, ಮಸಿಯಲ್ಲಿ ಅದ್ದಿದ ನೂಲು ಹೊಡೆದು ಗೆರೆ ಹಾಕುವುದು, ಒಬ್ಬ ಮೇಲೆ ಒಬ್ಬ ಕೆಳಗೆ ನಿಂತು ಉದ್ದನೆಯ ಗರಗಸ ಎಳೆಯುವುದು. "ಮೇಲಿನಾವ ಗೆರಿ ನೋಡಬೇಕು, ಕೆಳಗಿನಾವ ಹೊಟ್ಟು ತಿನಬೇಕು" ಅನ್ನುತ್ತಿದ್ದ ಅಪ್ಪ. ಆಮೇಲೆ ಕರೆಂಟಿನ ಸಾಮಿಲ್ಲು ಬಂತು. ಅಲ್ಲಿ ಗರಗಸ ಒಂದೇ ಕಡೆ ನಿಂತಿರುತ್ತದೆ, ಮರವೇ ಲಾರಿ ಹತ್ತಿ ಅದರ ಹತ್ತಿರ ಹೋಗಬೇಕು. ಹೋಗಲಾರದ ಮರ ಸೌದೆಯಾಗುತ್ತದೆ. ಆ ಗುಡ್ಡದಲ್ಲಿ ನಾನು ಕಂಡದ್ದು ಅಪ್ಪನ ಕಾಲದ ಕ್ರಮವೇ, ಎಂಜಿನ್ನು ಹೊತ್ತು ಬಂದದ್ದು.

ಮುದುಕ ನನ್ನ ಕೈ ಬೆರಳು ನೋಡಿಯೇ ನಾನು ಯಾರು ಅಂತ ತಿಳಿದುಕೊಂಡ. ಮುಂದಿನ ಆರು ಶನಿವಾರ ನಾನು ಅವನ ಆಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರದಿದ್ದರೂ ಕೆಲಸ ನಿಲ್ಲಲಿಲ್ಲ.

ಮೊದಲ ವಾರ ಅವನು ಕೊಯ್ಯುವುದಕ್ಕಿಂತ ಹೆಚ್ಚು ಹೊತ್ತು ಹಳಿ ಹೂಡುವುದಕ್ಕೇ ಕಳೆದ. ಯಂತ್ರವನ್ನು ಬಿಚ್ಚಿದರೆ ಇಬ್ಬರು ಹೊರುವಷ್ಟು ತೂಕದ ಭಾಗಗಳಾಗುತ್ತವೆ, ಜೋಡಿಸುವುದೂ ಬೇಗ. ಆದರೆ ಎರಡು ಹಳಿಯೂ ಒಂದೇ ಮಟ್ಟ, ಒಂದೇ ಅಂತರ ಇರಬೇಕು, ಒಂದರ ತುದಿ ಎತ್ತಿ ಇನ್ನೊಂದರ ತುದಿ ತಗ್ಗಿ ತಿರುಚಿರಬಾರದು. ದಾರ ಕಟ್ಟಿದ, ರಸಮಟ್ಟ ಇಟ್ಟ, ತುಂಡು ಹಲಗೆ ಒತ್ತುಕೊಟ್ಟ, ಮತ್ತೆ ದಾರ ಕಟ್ಟಿದ. ಹಳಿಯಲ್ಲಿ ಬೆರಳಷ್ಟು ತಪ್ಪಿದ್ದರೆ ಅದೇ ತಪ್ಪು ಪ್ರತಿ ಹಲಗೆಯಲ್ಲೂ ಅಚ್ಚೊತ್ತಿದಂತೆ ಬರುತ್ತದೆ. ನಮ್ಮ ಎರೆ ಭೂಮಿಯಲ್ಲಾದರೆ ಈ ಕೆಲಸಕ್ಕೆ ಇನ್ನೂ ತಾಳ್ಮೆ ಬೇಕು. ಬೆಳಿಗ್ಗೆ ಮಟ್ಟ ಮಾಡಿದ್ದು ಒಂದು ಮಳೆಗೆ ಕುಸಿದಿರುತ್ತದೆ. ಹಳಿಯ ಕಾಲಿನಡಿ ಕಡಪ ಕಲ್ಲು ಹಾಸುವುದು ಲೇಸು ಅಂತ ಅಲ್ಲಿ ನಿಂತೇ ಯೋಚಿಸಿದ್ದೆ.

ಎರಡನೇ ವಾರ ಗಾಡಿ ನನ್ನ ಕೈಗೆ ಬಂತು. ಐವತ್ತು ವರ್ಷ ಗರಗಸ ಹಿಡಿದವನೆಂಬ ಜಂಬದಲ್ಲಿ ಜೋರಾಗಿ ನೂಕಿದೆ. ಹಲಗೆ ಹೊರಬಂದಾಗ ನಡುವೆ ಅರ್ಧ ಸೂತಷ್ಟು ತೆಳ್ಳಗಾಗಿತ್ತು. ಅವಸರಕ್ಕೆ ಗರಗಸ ಕಾದು, ಕಾದ ತಗಡು ಅಲೆದು, ಗೆರೆ ಬಿಟ್ಟು ಹೋಗಿತ್ತು. ಗರಗಸದ ಮೇಲೆ ನೀರು ತೊಟ್ಟಿಕ್ಕಲು ಒಂದು ಸಣ್ಣ ಕೊಳವೆ ಇದೆ, ಅದರ ನಲ್ಲಿ ತಿರುವುವುದನ್ನೂ ಮರೆತಿದ್ದೆ. ಮುದುಕ ಬೈಯಲಿಲ್ಲ. ಕಿವಿ ಮುಟ್ಟಿ ತೋರಿಸಿದ. ಎಂಜಿನ್ನಿನ ದನಿ ಒಂದೇ ಸಮ ಇರಬೇಕು, ದನಿ ಇಳಿದರೆ ನೂಕುವವನು ಹೆಚ್ಚು ನೂಕುತ್ತಿದ್ದಾನೆ ಎಂದರ್ಥ. ಕಿವಿಗೆ ದಪ್ಪ ಮುಚ್ಚಳ ಹಾಕಿಕೊಂಡೇ ಆ ದನಿ ಕೇಳುವುದನ್ನು ಕಲಿಯಬೇಕು. ಕಣ್ಣಿಗೆ ಕನ್ನಡಕ, ಕಾಲಿಗೆ ಗಟ್ಟಿ ಬೂಟು, ಗರಗಸ ತಿರುಗುವ ನೇರಕ್ಕೆ ಯಾರೂ ನಿಲ್ಲಕೂಡದು. ಹಲ್ಲು ಮುರಿದು ಸಿಡಿದರೆ ಬಂದೂಕಿನ ಗುಂಡಿಗೇನೂ ಕಡಿಮೆಯಿಲ್ಲ.

ಹಲ್ಲು ಅಂದೆನಲ್ಲ, ಇದರ ಗರಗಸಕ್ಕೆ ಇರುವುದೇ ಐದಾರು ಹಲ್ಲು. ಪ್ರತಿಯೊಂದರ ತುದಿಗೂ ಕಾರ್ಬೈಡ್ ಬೆಸುಗೆ. ನಮ್ಮ ಹಾಗೆ ಅರ ಹಿಡಿದು ಉಜ್ಜಿದರೆ ಅರವೇ ಸವೆಯುತ್ತದೆ, ಅದಕ್ಕೆ ವಜ್ರದ ಪುಡಿ ಕೂರಿಸಿದ ಸಣ್ಣ ಚಕ್ರ ಬೇಕು. ಬ್ಯಾಟರಿಯಿಂದ ನಡೆಯುವ ಸಾಣೆ. ಗರಗಸ ಬಿಚ್ಚದೆ ಅಲ್ಲೇ ಹಿಡಿದರೆ ಒಂದು ಚಹಾ ಕುಡಿಯುವಷ್ಟರಲ್ಲಿ ಮುಗಿಯುತ್ತದೆ. ಗುಣ ಇದು. ದೋಷವೂ ಈ ಗರಗಸದಲ್ಲೇ ಇದೆ: ದಪ್ಪ. ಒಂದೊಂದು ಕೊಯ್ತಕ್ಕೂ ಸುಮಾರು ಐದು ಮಿಲಿಮೀಟರ್ ಮರ ಹೊಟ್ಟಾಗುತ್ತದೆ. ಪಟ್ಟಿಯಂಥ ಬ್ಯಾಂಡ್ ಗರಗಸಕ್ಕೆ ಎರಡು ಮಿಲಿಮೀಟರ್ ಸಾಕು. ಒಂದಡಿ ಎತ್ತರದ ಮರದಿಂದ ಒಂದಿಂಚಿನ ಹಲಗೆ ತೆಗೆದರೆ ಇದರಲ್ಲಿ ಹತ್ತು ಸಿಗುತ್ತವೆ, ಬ್ಯಾಂಡಿನಲ್ಲಿ ಹನ್ನೊಂದು. ತೇಗದಂಥ ಮರಕ್ಕೆ ಆ ಹನ್ನೊಂದನೆಯ ಹಲಗೆಯೇ ಲಾಭ. ಇನ್ನೊಂದು ಮಿತಿ ಆಳದ್ದು. ಎಂಟಿಂಚು ಕೊಯ್ಯುವ ಮಾದರಿ ಎಂಟಿಂಚಿನ ಒಳಗೇ ದುಡಿಯುತ್ತದೆ. ಅದಕ್ಕಿಂತ ಅಗಲದ ಹಲಗೆ ಬೇಕೆಂದರೆ ಎರಡೂ ಕಡೆಯಿಂದ ಕೊಯ್ದು ನಡುವೆ ಕೂಡಿಸಬೇಕು. ಕೈ ಕುದುರದಿದ್ದರೆ ನಡುವೆ ಮೆಟ್ಟಿಲು ಉಳಿಯುತ್ತದೆ.

ನನಗೆ ಹೆಚ್ಚು ಹಿಡಿಸಿದ್ದು ಮರದೊಳಗಿನ ಬಿಗಿಯನ್ನು ಅವನು ಸಂಭಾಳಿಸುತ್ತಿದ್ದ ರೀತಿ. ನಿಂತ ಮರ ಗಾಳಿಗೆ, ಬಿಸಿಲಿಗೆ, ತನ್ನ ಭಾರಕ್ಕೆ ಎದುರಾಗಿ ಮೈ ಬಿಗಿದುಕೊಂಡೇ ಬೆಳೆದಿರುತ್ತದೆ. ಕೊಯ್ದ ಕೂಡಲೇ ಆ ಬಿಗಿ ಸಡಿಲುತ್ತದೆ, ಹಲಗೆ ಬಿಲ್ಲಿನಂತೆ ಬಾಗುತ್ತದೆ. ಮೇಲಿನ ಪದರ ಹೋದ ಮೇಲೆ ಉಳಿದ ದಿಮ್ಮಿಯೂ ಸ್ವಲ್ಪ ಡೊಂಕಾಗುತ್ತದೆ. ಅವನು ಎರಡು ಪದರಕ್ಕೊಮ್ಮೆ ನಿಲ್ಲಿಸಿ, ಮೇಲ್ಮೈಗೆ ದಾರ ಹಿಡಿದು, ಡೊಂಕಿದ್ದರೆ ತೆಳ್ಳಗೆ ಒಂದು ಕೊಯ್ತ ಹೊಡೆದು ನೆಟ್ಟಗೆ ಮಾಡಿಕೊಂಡೇ ಮುಂದುವರಿಯುತ್ತಿದ್ದ. ದಿಮ್ಮಿಯನ್ನು ಹೊರಳಿಸದೆಯೇ ಹಲಗೆಯನ್ನು ಅಡ್ಡವಾಗಿಯೂ ತೆಗೆಯಬಹುದು, ನಿಲುವಾಗಿಯೂ ತೆಗೆಯಬಹುದು. ವರ್ಷದ ಉಂಗುರಗಳಿಗೆ ಎದುರಾಗಿ ಕೊಯ್ದ ಹಲಗೆ ಕಡಿಮೆ ಬಾಗುತ್ತದೆ. ಬಾಗಿಲಿಗೆ ಅಂಥದ್ದೇ ಬೇಕು.

ಊರಿಗೆ ಮರಳಿದ ಮೇಲೆ ಕೇಳಿದವರೆಲ್ಲ ಒಂದೇ ಮಾತು: "ಮಾವಾ, ಅಂಥಾದ್ದೊಂದು ತರಿಸಿದ್ರ ಹೆಂಗ?" ನನ್ನ ಉತ್ತರ ಮರದ ಮೇಲೆ ನಿಂತಿದೆ. ನಮ್ಮ ಸೀಮೆಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಇರುವುದು ಬಳ್ಳಾರಿ ಜಾಲಿ. ಅಮೆರಿಕ ಖಂಡದಿಂದ ಬಂದ ಗಿಡ. ನಮ್ಮ ಜಿಲ್ಲೆಯ ಹೆಸರು ಹೊತ್ತು ಕರ್ನಾಟಕವೆಲ್ಲ ಹಬ್ಬಿ ನಮಗೆ ಕೆಟ್ಟ ಹೆಸರು ತಂದಿದೆ. ಅದರ ಮರ ಗಟ್ಟಿಯೇ, ಬಣ್ಣವೂ ಚೆಲುವೇ, ಆದರೆ ಬೊಡ್ಡೆ ಸಣ್ಣದು, ಸೊಟ್ಟ. ಸ್ವಿಂಗ್ ಬ್ಲೇಡಿನ ಕೆಳಗೆ ದಿಮ್ಮಿ ತನ್ನ ಭಾರದಿಂದಲೇ ಅಲ್ಲಾಡದೆ ಕೂತಿರಬೇಕು. ಒಂದಡಿಗಿಂತ ಸಣ್ಣ ಬೊಡ್ಡೆ ಎಷ್ಟು ಬೆಣೆ ಬಡಿದರೂ ನಡುಗುತ್ತದೆ. ಜಾಲಿ ಕೊಯ್ಯುವ ಆಸೆ ಇದ್ದವರು ಸಣ್ಣ ಬ್ಯಾಂಡ್ ಗರಗಸದ ಯಂತ್ರ ನೋಡಲಿ. ಬಂಡಿಯ ಕರಿಜಾಲಿಗೂ ಅದೇ ಮಾತು. ಸ್ವಿಂಗ್ ಬ್ಲೇಡಿಗೆ ತಕ್ಕವು ನಮ್ಮಲ್ಲಿ ಬದುವಿನ ಹಳೆಯ ಬೇವು, ಹುಣಸೆ, ರಸ್ತೆ ಬದಿಯ ಮುದಿ ಮರಗಳು. ಅಂಥವು ವರ್ಷಕ್ಕೆ ಎಷ್ಟು ಬೀಳುತ್ತವೆ? ಒಬ್ಬನ ಹೊಟ್ಟೆ ತುಂಬುವಷ್ಟು ಖಂಡಿತ ಇಲ್ಲ. ನಾಲ್ಕಾರು ಊರಿನ ರೈತರು ಸೇರಿ ಒಂದನ್ನು ಇಟ್ಟುಕೊಂಡರೆ ಗಿಟ್ಟೀತು. ಬಿಡಿಭಾಗ ಕಡಲು ದಾಟಿ ಬರಬೇಕು ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕೈಯಲ್ಲಿ ಹೆಚ್ಚುವರಿ ಗರಗಸ ಎರಡಾದರೂ ಇಲ್ಲದೆ ಕೆಲಸ ಒಪ್ಪಿಕೊಳ್ಳುವುದು ಹುಚ್ಚುತನ.

ದುಡ್ಡು ಹೊಂದಿಸುವ ಮೊದಲು ಅರಣ್ಯ ಇಲಾಖೆಯ ಮೆಟ್ಟಿಲು ಹತ್ತಬೇಕು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಿಂದ ಈಚೆಗೆ ಸಾಮಿಲ್ಲು ಎನ್ನುವುದು ಯಾರು ಬೇಕಾದರೂ ಹೂಡುವ ಕಸುಬಾಗಿ ಉಳಿದಿಲ್ಲ. 2016ರಲ್ಲಿ ಕೇಂದ್ರ ಸರ್ಕಾರ ಮರ ಆಧಾರಿತ ಉದ್ಯಮಗಳಿಗೆಂದೇ ಮಾರ್ಗಸೂಚಿ ಹೊರಡಿಸಿತು. ಲೈಸೆನ್ಸಿನ ವಿಚಾರ ರಾಜ್ಯಮಟ್ಟದ ಸಮಿತಿಯ ಮುಂದೆ ಹೋಗುತ್ತದೆ. ಮರ ಕಡಿಯುವುದಕ್ಕೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಬೇರೆಯೇ ಇದೆ. ನಮ್ಮ ಹೊಲ, ನಮ್ಮ ಮರ ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ಬಿಡಿಸಿ ಹೊತ್ತೊಯ್ಯುವ ಯಂತ್ರ, ಸಾಮಿಲ್ಲು ಹೇಗಾದೀತು ಅಂತ ವಾದಿಸಲು ಹೋಗಿ ಯಂತ್ರವನ್ನೇ ಕಳಕೊಳ್ಳಬಾರದು. ಬರವಣಿಗೆಯಲ್ಲಿ ಕೇಳಿ, ಬರವಣಿಗೆಯಲ್ಲೇ ಉತ್ತರ ಪಡೆಯಬೇಕು.

ಕೊಯ್ದ ಮೇಲೂ ನಮ್ಮ ಊರಿನಲ್ಲಿ ಒಂದು ಗಂಡಾಂತರ ಇದೆ: ಬಿಸಿಲು. ಮೆಲ್ಬೋರ್ನಿನ ಮುದುಕ ಹಲಗೆಗಳ ನಡುವೆ ರೀಪು ಇಟ್ಟು ಅಟ್ಟಿ ಒಟ್ಟಿ, ಇಂಚಿಗೊಂದು ವರ್ಷ ಅಂತ ಒಣಗಲು ಬಿಡುತ್ತಿದ್ದ. ಕುರುಗೋಡಿನ ಏಪ್ರಿಲ್ ಬಿಸಿಲಿಗೆ ಹಸಿ ಹಲಗೆ ಒಡ್ಡಿದರೆ ವಾರದಲ್ಲಿ ತುದಿಯಿಂದ ಸೀಳುತ್ತದೆ. ಕೊಯ್ದ ದಿನವೇ ತುದಿಗಳಿಗೆ ದಪ್ಪನೆ ಬಣ್ಣ ಬಳಿಯಬೇಕು, ನೆರಳಲ್ಲಿ ಒಟ್ಟಬೇಕು, ಬಿಸಿಗಾಳಿ ಬೀಸುವ ಕಡೆಗೆ ಗೋಣಿಚೀಲ ಕಟ್ಟಬೇಕು. ಅಪ್ಪ ಜಾಲಿಯ ತುಂಡುಗಳನ್ನು ಹೊಂಡದ ನೀರಲ್ಲಿ ತಿಂಗಳುಗಟ್ಟಲೆ ಮುಳುಗಿಸಿಡುತ್ತಿದ್ದ. ಹುಳ ಹಿಡಿಯಲ್ಲ ಅನ್ನುತ್ತಿದ್ದ. ಮರ ಕಡಿಯುವುದಕ್ಕೆ ಅಮಾವಾಸ್ಯೆಯನ್ನೂ ಕಾಯುತ್ತಿದ್ದ. ಹೊಂಡದ ಮಾತನ್ನು ನಾನು ಪೂರ್ತಿ ನಂಬುತ್ತೇನೆ, ಅಮಾವಾಸ್ಯೆಯದನ್ನು ಅರ್ಧ.

ಕಳೆದ ತಿಂಗಳು ತಮ್ಮನ ಮಗ ಫೋನು ಮಾಡಿದ. ಬಾವಿ ಹತ್ತಿರದ ಇನ್ನೊಂದು ಬೇವು ಕಾಲುವೆ ಕಡೆ ವಾಲಿದೆ, ಈ ಸಲ ಸೌದೆ ಮಾಡಬಾರದು, ನೀವು ಬಂದು ನೋಡಿ ಅಂದ. ಹಗ್ಗ ತಗೊಂಡು ಹೋದೆ. ಸುತ್ತು ಏಳೂವರೆ ಅಡಿ, ಬೊಡ್ಡೆ ನೆಟ್ಟಗೆ, ಬಡಿದರೆ ಗಟ್ಟಿ ದನಿ. ಹಿಂದಕ್ಕೆ ಬಂದು ನೋಡುತ್ತೇನೆ, ಎದೆಮಟ್ಟದಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬ ನೇತಾಡುತ್ತಿದೆ. ಅದರ ಮೇಲೆ ಹಳೆಯ ಡಬ್ಬದ ಮೊಳೆ, ಅದರ ಪಕ್ಕ ಬುತ್ತಿ ಚೀಲ ತೂಗುಹಾಕುವ ಮೊಳೆ, ಕೆಳಗೆ ಎಮ್ಮೆ ಕಟ್ಟುವ ಕಬ್ಬಿಣದ ಬಳೆ. ಕಾರ್ಬೈಡ್ ಹಲ್ಲು ಒಂದು ಮೊಳೆಗೆ ತಾಗಿದರೆ ಅಲ್ಲಿಗೆ ಆ ದಿನದ ಕೆಲಸ ಮುಗಿದಂತೆ. ಮುದುಕನ ಹತ್ತಿರ ಕಬ್ಬಿಣ ಹುಡುಕುವ ಕೈಯಂತ್ರ ಇತ್ತು. ನನ್ನ ಹತ್ತಿರ ಇದ್ದದ್ದು ಸುತ್ತಿಗೆ, ಚಿಮ್ಮಟ.

ಮೂರು ಮೊಳೆ ಕಿತ್ತೆ. ನಾಲ್ಕನೆಯದರ ತಲೆಯನ್ನು ತೊಗಟೆ ಅರ್ಧ ನುಂಗಿತ್ತು, ಉಳಿಯಿಂದ ಕೆತ್ತಿ ತೆಗೆಯಬೇಕಾಯಿತು.

"ಇನ್ನೆಷ್ಟು ಬಡಿದೀರಲೇ ಇದಕ್ಕ?"

ಹುಡುಗ ತಲೆ ಕೆರೆದುಕೊಂಡ. "ದೊಡ್ಡಪ್ಪಾ, ಅಜ್ಜ ಬಡಿದಿದ್ದು ನಾನು ನೋಡಿಲ್ಲ."