ಡೈರಿ: ಪೆನ್ನಾ, ಫೋನಾ?

ಮದಕರಿಪುರದಿಂದ ಮಾತಾಡ್ತಿದ್ದೀನಿ. ಡೈರಿ ಕೈಯಲ್ಲಿ ಬರೀಬೇಕಾ, ಟೈಪ್ ಮಾಡ್ಬೇಕಾ?

ನಮ್ಮ ದುರ್ಗದ ಎಸ್. ನಿಜಲಿಂಗಪ್ಪನವರು ಡೈರಿ ಬರೀತಿದ್ರು. 1969ರಲ್ಲಿ ಕಾಂಗ್ರೆಸ್ ಒಡೆದಾಗ ಅವರೇ ಪಕ್ಷದ ಅಧ್ಯಕ್ಷರು. ಆ ಒಡಕಿನ ಇತಿಹಾಸ ಬರೆದವರು ಅವರ ಡೈರಿಯನ್ನೇ ಉಲ್ಲೇಖಿಸಿದ್ದಾರೆ.

ನನ್ನ ಕಥೆ ಬೇರೆ. ಫೋನ್ ಕೆಟ್ಟು ಎರಡು ವರ್ಷ ಟೈಪ್ ಮಾಡಿದ್ದೆಲ್ಲ ಹೋಯ್ತು. ಅಜ್ಜಿ ತೀರಿಕೊಂಡ ವಾರವೂ ಅದರಲ್ಲೇ ಇತ್ತು. ಬ್ಯಾಕಪ್ ಇಟ್ಟಿರಲಿಲ್ಲ, ತಪ್ಪು ನನ್ನದೇ.

ಹಾಗಂತ ಟೈಪಿಂಗ್ ಬೇಡ ಅನ್ನಲ್ಲ. ಹುಡುಕಿದ್ದು ತಕ್ಷಣ ಸಿಗುತ್ತೆ. ಲಾಕ್ ಇದ್ರೆ ಮನೆಯವರು ಓದಲ್ಲ.

ಬಿ.ಕಾಂನಲ್ಲಿ ಕಲಿತದ್ದು: ಲೆಕ್ಕ ಮೊದಲು ದಿನವಹಿಗೆ, ಆಮೇಲೆ ಖಾತೆಗೆ. ಈಗ ಹಾಗೇ ಮಾಡ್ತೀನಿ. ರಾತ್ರಿ ನೋಟ್‌ಬುಕ್ಕಲ್ಲಿ ಬರೀತೀನಿ. ತಿಂಗಳ ಕೊನೆಗೆ ತಾರೀಖು, ವಿಷಯ ಮಾತ್ರ ಫೋನಿಗೆ ಹಾಕ್ತೀನಿ.

ನಿಮ್ಮ ಡೈರಿ ಯಾರು ಓದಬೇಕು, ಯಾರು ಓದಬಾರದು? ಅದನ್ನ ಮೊದಲು ತೀರ್ಮಾನಿಸಿ. ಪೆನ್ನೋ ಫೋನೋ, ಆಮೇಲೆ.