ಕಣ್ಣು ಮುಂದೆ, ಕೈ ಹಿಂದೆ

ಶಾರ್ಟ್ ಫಿಲ್ಮ್ ಎಡಿಟ್ ಮುಗಿಸಿ, ಒಮ್ಮೆ ಪ್ಲೇ ಮಾಡಿ, "ಥೂ, ನಾನು ಅಂದ್ಕೊಂಡಿದ್ದು ಇದಲ್ಲ" ಅಂತ ಫೋಲ್ಡರನ್ನೇ ಡಿಲೀಟ್ ಮಾಡೋರು ನಮ್ಮ ಹಾಸ್ಟೆಲ್‌ನಲ್ಲಿ ಕಮ್ಮಿ ಇಲ್ಲ. ಕಥೆ, ಕವನ ಬರೆಯೋರ ಪಾಡೂ ಇದೇ. ವರ್ಷಗಟ್ಟಲೆ ಒಳ್ಳೆಯ ಸಿನಿಮಾ ನೋಡಿ, ಪುಸ್ತಕ ಓದಿ ಕಣ್ಣು ಪಳಗಿರುತ್ತೆ; ಕೈ ಈಗಷ್ಟೇ ಅಂಬೆಗಾಲಿಡುತ್ತಿರುತ್ತೆ.

ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಬೇಕಾದದ್ದಕ್ಕೂ ಬಂದದ್ದಕ್ಕೂ ಇರುವ ವ್ಯತ್ಯಾಸವೇ ಎರರ್. ಬರೀ ಪ್ರಪೋರ್ಷನಲ್ ಕಂಟ್ರೋಲರ್ ಇದ್ದರೆ ಎಷ್ಟೋ ಸಿಸ್ಟಮ್‌ಗಳಲ್ಲಿ ಸ್ವಲ್ಪ ಎರರ್ ಉಳಿದೇ ಬಿಡುತ್ತೆ. ಇಂಟಿಗ್ರಲ್ ಸೇರಿಸಿದರೆ, ಅದು ಹಳೆಯ ಎರರ್‌ಗಳನ್ನೆಲ್ಲ ಕೂಡಿಸುತ್ತಾ ಆ ಅಂತರ ಮುಚ್ಚುತ್ತೆ. ಡಿಲೀಟ್ ಮಾಡಿದವರು ಕೂಡಿಸೋದು ಏನನ್ನ? (ಕೈ ಮೋಟಾರ್ ಅಲ್ಲ ಬಿಡಿ, ಟ್ಯೂನಿಂಗ್‌ಗೆ ಸೂತ್ರ ಸಿಗಲ್ಲ.)

ಕುವೆಂಪು ಮೊದಲು ಬರೆದದ್ದು ಇಂಗ್ಲಿಷ್ ಕವಿತೆ. 1922ರಲ್ಲಿ 'ಬಿಗಿನರ್ಸ್ ಮ್ಯೂಸ್' ಅನ್ನೋ ಸಂಕಲನವೂ ಬಂತು. ಐರಿಶ್ ಕವಿ ಜೇಮ್ಸ್ ಕಸಿನ್ಸ್ ಅವರ ಇಂಗ್ಲಿಷ್ ಕವಿತೆಗಳನ್ನು ನೋಡಿ, ನಿಮ್ಮ ಭಾಷೆಯಲ್ಲೇ ಬರೆಯಿರಿ ಅಂದರು. ಆಗ ಅವರಿಗೆ ಹೆಚ್ಚುಕಮ್ಮಿ ನಮ್ಮದೇ ವಯಸ್ಸು. ಬೇಸರ ಆಗಿರಲ್ವಾ? ಆದರೂ ಪೆನ್ನು ಕೆಳಗಿಡಲಿಲ್ಲ, ಭಾಷೆ ಬದಲಿಸಿದರು. ಮುಂದೆ 'ಶ್ರೀ ರಾಮಾಯಣ ದರ್ಶನಂ' ಬರೆಯೋಕೆ ಹಿಡಿದದ್ದು ಒಂಬತ್ತು ವರ್ಷ.

ನಿಮ್ಮ ಮುಂದಿನ ಫಿಲ್ಮ್‌ನಲ್ಲಿ ಎಲ್ಲವನ್ನೂ ಸರಿಮಾಡೋಕೆ ಹೋಗಬೇಡಿ. ಬರೀ ಸೌಂಡ್ ನೋಡ್ಕೊಳ್ಳಿ: ಮೈಕ್ ಮಾತಾಡೋರ ಹತ್ತಿರ ಇಡಿ, ಫ್ಯಾನ್ ಆಫ್ ಮಾಡಿ. ಹಳೇದು ಡ್ರೈವ್‌ನಲ್ಲೇ ಇರಲಿ. ಎರಡನ್ನೂ ಒಟ್ಟಿಗೆ ಹಾಕಿ ಕೇಳೋಕೆ ಬೇಕಾಗುತ್ತೆ.